ಗರ್ಭದ ಮಗುವಿನ ಪರ ನಡೆದೆವು, ಆ ತಾಯಿ ಎಲ್ಲಿ ನಿಲ್ಲಬೇಕು?

ಬೆಳಗಿನ ಜಾವ ನಾಲ್ಕೂವರೆಗೆ ಶಿವಮೊಗ್ಗದಿಂದ ನಮ್ಮ ಮಿನಿಬಸ್ ಹೊರಟಿತು. ಒಳಗೆ ಇಪ್ಪತ್ತೆರಡು ಮಂದಿ ಕಾಲೇಜು ಹುಡುಗ ಹುಡುಗಿಯರು, ಒಬ್ಬರು ಫಾದರ್, ಒಬ್ಬರು ಸಿಸ್ಟರ್, ಮತ್ತೆ ಭಾನುವಾರ ಧರ್ಮೋಪದೇಶದ ಕ್ಲಾಸ್ ತೆಗೆದುಕೊಳ್ಳುವ ನಾನು. ಮಂಗಳೂರಿನಲ್ಲಿ ಗರ್ಭಪಾತದ ವಿರುದ್ಧ ಕಥೋಲಿಕ ಯುವಜನರ ನಡಿಗೆ ಇತ್ತು. ಆಗಸ್ಟ್ ತಿಂಗಳು, ಹಿಡಿದ ಮಳೆ ಬಿಟ್ಟಿರಲಿಲ್ಲ. ರಾತ್ರಿಯೆಲ್ಲ ಕೂತು ಬರೆದ ಫಲಕಗಳು ನೆನೆಯಬಾರದು ಅಂತ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಮನೆಯಿಂದ ಪ್ಲಾಸ್ಟಿಕ್ ಕೊಟ್ಟೆ ತಂದಿದ್ದ. ಕೊಳೆರೋಗ ಬರದಿರಲಿ ಅಂತ ಅಡಿಕೆ ಗೊನೆಗೆ ಕಟ್ಟುತ್ತಾರಲ್ಲ, ಅದೇ. ಒಂದೊಂದು ಫಲಕಕ್ಕೂ ಒಂದೊಂದು ಕೊಟ್ಟೆ ತೊಡಿಸಿ, ಬಾಯಿಗೆ ದಾರ ಕಟ್ಟಿ, ಹಿಂದಿನ ಸೀಟಿನ ಮೇಲೆ ಮಲಗಿಸಿದ್ದರು.

ಗಾಜನೂರು, ಮಂಡಗದ್ದೆ ದಾಟುವಾಗ ಜಪಸರ ಮುಗಿಯಿತು. ತೀರ್ಥಹಳ್ಳಿಯಲ್ಲಿ ಟೀಗೆ ಇಳಿದೆವು. ಭದ್ರಾವತಿಯ ಹುಡುಗಿಯೊಬ್ಬಳು, ನರ್ಸಿಂಗ್ ಎರಡನೇ ವರ್ಷ, ನನ್ನ ಪಕ್ಕ ಬಂದು ನಿಂತಳು.

'ಟೀಚರ್, ಒಂದು ಕೇಳ್ಲಾ? ನಮ್ಮಲ್ಲೇ ಒಬ್ಬಳು ಮದುವೆ ಆಗದೆ ಬಸುರಿ ಆದಳು ಅಂತ ಇಟ್ಕೊಳ್ಳಿ. ಮಗು ಉಳಿಸ್ಕೋತೀನಿ ಅಂದ್ಲು. ಮುಂದಿನ ಭಾನುವಾರ ಅವಳನ್ನ ಚರ್ಚಿನ ಕ್ವೈರಲ್ಲಿ ಹಾಡೋಕೆ ಬಿಡ್ತೀವಾ?'

ನಾನು ಫಾದರ್ ಕಡೆ ನೋಡಿದೆ. ಅವರು ಚಿಲ್ಲರೆ ಎಣಿಸುತ್ತಿದ್ದರು. ಎಣಿಕೆ ನಿಂತಿತು. ಅವರಿಗೂ ಕೇಳಿಸಿತ್ತು.

ಆ ಪ್ರಶ್ನೆಗೆ ಉತ್ತರ ಹೇಳದೆಯೇ ಬಸ್ ಹತ್ತಿದೆವು. ಆದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಉಡುಪಿ ಮುಟ್ಟುವವರೆಗೂ ಬಸ್ಸಿನಲ್ಲಿ ನಡೆದದ್ದು ಅದೇ ಮಾತು. ನಾವು ಯಾರ ವಿರುದ್ಧ ನಡೆಯುತ್ತಿದ್ದೇವೆ? ಕಾನೂನಿನ ವಿರುದ್ಧವಾ? ಡಾಕ್ಟರ ವಿರುದ್ಧವಾ? ಅಥವಾ ನಮ್ಮ ಮನೆಯಲ್ಲೇ ಇರುವ ಏನೋ ಒಂದರ ವಿರುದ್ಧವಾ? ಗರ್ಭದಲ್ಲಿರುವ ಮಗುವಿನ ಜೀವ ಪವಿತ್ರ ಅಂತ ನಂಬುವವಳು ನಾನು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಲೆನಾಡಿನಲ್ಲಿ ಆ ಜೀವ ಯಾವ ಕಾರಣಕ್ಕೆ ಹೋಗುತ್ತಿದೆ ಅಂತ ನೋಡದೆ ಘೋಷಣೆ ಕೂಗಿದರೆ ಅದು ತಲುಪಬೇಕಾದ ಕಡೆ ತಲುಪುವುದಿಲ್ಲ.

ಮೊದಲು ಈ ನಡಿಗೆ ಎಲ್ಲಿಂದ ಬಂತು ನೋಡೋಣ. ಅಮೆರಿಕದ ಸುಪ್ರೀಂ ಕೋರ್ಟು 1973ರ ಜನವರಿ 22ರಂದು ಗರ್ಭಪಾತ ಹೆಣ್ಣಿನ ಸಂವಿಧಾನದತ್ತ ಹಕ್ಕು ಎಂದು ತೀರ್ಪು ಕೊಟ್ಟಿತು. ಮರುವರ್ಷ ಅದೇ ದಿನ ನೆಲ್ಲಿ ಗ್ರೇ ಎಂಬ ವಕೀಲೆಯ ಮುಂದಾಳತ್ವದಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ನಡಿಗೆ ನಡೆಯಿತು. ಜನವರಿಯ ಕೊರೆಯುವ ಚಳಿಯಲ್ಲಿ ಅಲ್ಲಿನ ಕಥೋಲಿಕ ಶಾಲೆ, ಕಾಲೇಜುಗಳ ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಸೇರುವುದು ಆಮೇಲೆ ರೂಢಿಯೇ ಆಯಿತು. ಅವರ ಜಗಳ ಒಂದು ತೀರ್ಪಿನ ಜೊತೆ. 2022ರ ಜೂನ್ 24ರಂದು ಅದೇ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, ವಿಷಯ ರಾಜ್ಯಗಳ ಕೈಗೆ ಹೋಯಿತು.

ನಮ್ಮಲ್ಲಿ ಕತೆ ಬೇರೆ. ಗರ್ಭಪಾತ ಮಾಡಿಸುವುದು ಭಾರತೀಯ ದಂಡ ಸಂಹಿತೆಯ 312ನೇ ಕಲಮಿನಲ್ಲಿ ಅಪರಾಧವಾಗಿತ್ತು. ಹೊಸ ನ್ಯಾಯ ಸಂಹಿತೆಯಲ್ಲೂ 88ನೇ ಕಲಮಿನಲ್ಲಿ ಅದು ಉಳಿದಿದೆ. ಅಂದರೆ ನಮ್ಮ ದೇಶದಲ್ಲಿ ಗರ್ಭಪಾತ ಇವತ್ತಿಗೂ ಸುಮ್ನೆ ಕೇಳಿದರೆ ಸಿಗುವ ಹಕ್ಕಲ್ಲ. ಅಪರಾಧಕ್ಕೆ ಕೊಟ್ಟಿರುವ ವಿನಾಯಿತಿ. ಆ ವಿನಾಯಿತಿ ಬಂದದ್ದು ಕೋರ್ಟಿನಿಂದಲ್ಲ. ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಹೆಂಗಸರು ಸಾಯುತ್ತಿದ್ದರು. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು. ಅದರ ವರದಿಯ ಮೇಲೆ ಸಂಸತ್ತು ಕಾನೂನು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1971ರ ಆಗಸ್ಟ್ 10ರಂದು. ದೇಶ ಮಟ್ಟದ ಮೊದಲ ಜೀವಪರ ನಡಿಗೆ 2022ರಲ್ಲಿ ದೆಹಲಿಯಲ್ಲಿ ಆಗಸ್ಟ್ 10ರಂದೇ ನಡೆಯಲು ಕಾರಣ ಇದು. ವಾಷಿಂಗ್ಟನ್‌ನವರಿಗೆ ಜನವರಿ ಇದ್ದ ಹಾಗೆ ನಮಗೆ ಆಗಸ್ಟ್.

'ಹಾಗಾದ್ರೆ ಈಗ ಎಷ್ಟು ತಿಂಗಳವರೆಗೆ ತೆಗೆಸಬಹುದು?' ಅಂತ ಸಾಗರದ ಹುಡುಗನೊಬ್ಬ ಕೇಳಿದ. ಫಲಕ ಹಿಡಿಯಲು ಹೊರಟ ಇಪ್ಪತ್ತೆರಡು ಮಂದಿಯಲ್ಲಿ ಇದು ಸರಿಯಾಗಿ ಗೊತ್ತಿದ್ದದ್ದು ಆ ನರ್ಸಿಂಗ್ ಹುಡುಗಿ ಒಬ್ಬಳಿಗೇ. ಅವಳೇ ಎದ್ದು ನಿಂತು, ಸೀಟಿನ ಕಂಬಿ ಹಿಡಿದುಕೊಂಡು ಹೇಳಿದಳು. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರ ಆಗಿದ್ದರೆ ಇಬ್ಬರು ಡಾಕ್ಟರು ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದ ಹುಡುಗಿಯರು, ಬಸುರಿಯಾಗಿರುವಾಗಲೇ ಗಂಡ ತೀರಿಹೋದವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಇರುವವರು ಇಂಥವರಿಗೆ. 24 ವಾರ ದಾಟಿದರೆ ಮಗುವಿನಲ್ಲಿ ಗಂಭೀರ ತೊಂದರೆ ಇದೆ ಅಂತ ವೈದ್ಯರ ಮಂಡಳಿಯೇ ಹೇಳಬೇಕು. ತಾಯಿಯ ಜೀವಕ್ಕೇ ತಕ್ಷಣದ ಅಪಾಯ ಇದ್ದರೆ ಮಾತ್ರ ವಾರದ ಲೆಕ್ಕವಿಲ್ಲ. ಹದಿನೆಂಟು ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಹಿಂದಿನ ಕಾನೂನಿನಲ್ಲಿ 'ಮದುವೆಯಾದ ಹೆಂಗಸು ಅಥವಾ ಅವಳ ಗಂಡ' ಎಂದಿದ್ದ ಕಡೆ ಈಗ 'ಹೆಂಗಸು ಅಥವಾ ಅವಳ ಸಂಗಾತಿ' ಅಂತ ಆಗಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವರಿಗೂ 24 ವಾರದ ಅವಕಾಶ ಅನ್ವಯಿಸುತ್ತದೆ ಎಂದಿತು.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಅದೇ ಕೋರ್ಟಿನ ಮುಂದೆ ಬಂದ 2023ರ ಅಕ್ಟೋಬರಿನ ಪ್ರಕರಣ. ಎರಡು ಮಕ್ಕಳ ತಾಯಿ, ಮೂರನೆಯದಕ್ಕೆ ಬಸುರಿ. ಎದೆಹಾಲು ಕುಡಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಹಾಗಾಗಿ ಬಸುರಿ ಅಂತಲೇ ಗೊತ್ತಾಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಐದು ತಿಂಗಳು ದಾಟಿತ್ತು. ಹಿಂದಿನ ಬಾಣಂತನದ ನಂತರ ಅವರಿಗೆ ಮನಸ್ಸಿನ ಕಾಯಿಲೆ ಕಾಡಿತ್ತು, ಮಾತ್ರೆ ನುಂಗುತ್ತಿದ್ದರು. ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ ಮೊದಲು ಗರ್ಭಪಾತಕ್ಕೆ ಒಪ್ಪಿತು. ಮಗುವಿನ ಎದೆಬಡಿತ ಇರುವ ವಿಷಯವನ್ನು ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಎತ್ತಿದ ಮೇಲೆ ಆ ಪೀಠವೇ ಎರಡಾಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರು ಅನುಮತಿ ಕೊಡಲು ಮನಸ್ಸು ಒಪ್ಪುತ್ತಿಲ್ಲ ಎಂದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. ಹೆರಿಗೆಯ ಖರ್ಚು ಸರ್ಕಾರದ್ದು, ಮಗುವನ್ನು ದತ್ತು ಕೊಡುವುದು ಬಿಡುವುದು ಹೆತ್ತವರಿಗೆ ಬಿಟ್ಟದ್ದು ಎಂದಿತು.

ಆ ಮಗು ಉಳಿಯಲಿ ಅಂತ ನಾನು ಪ್ರಾರ್ಥಿಸಿದ್ದೆ. ಆದರೆ ಆ ತಾಯಿ ಮನೆಗೆ ಹೋದ ಮೇಲೆ ಅವರ ಜೊತೆ ಯಾರು ಕೂತರು? ರಾತ್ರಿ ಮಗು ಅತ್ತಾಗ ಯಾರು ಎತ್ತಿಕೊಂಡರು? ತೀರ್ಪು ಬಂದ ದಿನ ಸಂತೋಷಪಟ್ಟ ನಾವು ಯಾರೂ ಈ ಪ್ರಶ್ನೆ ಕೇಳಲಿಲ್ಲ.

ಮಲೆನಾಡಿಗೆ ಬರೋಣ. 2018ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಅದರ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತಗಳು 1 ಕೋಟಿ 56 ಲಕ್ಷ. ಅದರಲ್ಲಿ ಆಸ್ಪತ್ರೆಗಳಲ್ಲಿ ಆದದ್ದು ಶೇ 22ರಷ್ಟು ಮಾತ್ರ. ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಈ ಮಾತ್ರೆಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅನ್ನುವುದು ನಿಯಮ. ನಿಯಮ ಎಷ್ಟು ನಡೆಯುತ್ತದೆ ಅಂತ ಆ ಸಂಖ್ಯೆಯೇ ಹೇಳುತ್ತದೆ. ನಾಲ್ಕರಲ್ಲಿ ಮೂರು ಭಾಗ ಡಾಕ್ಟರ ಮುಂದೆ ಬಾರದೆ, ಕೋರ್ಟಿನ ಮಾತು ಕೇಳದೆ, ಮನೆಯ ಬಚ್ಚಲಲ್ಲಿ ಮುಗಿದುಹೋಗುತ್ತಿದೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಡಿಕೆ ಸುಗ್ಗಿಯಲ್ಲಿ ನಮ್ಮ ಪಕ್ಕದ ಮನೆಯ ಅಂಗಳದಲ್ಲಿ ರಾತ್ರಿ ಹತ್ತು ಗಂಟೆವರೆಗೆ ಸುಲಿಯುತ್ತಾರೆ. ಎಂಟು ಹತ್ತು ಹೆಂಗಸರು, ಒಬ್ಬೊಬ್ಬರ ಮುಂದೂ ಒಂದೊಂದು ಮೆಟ್ಟುಗತ್ತಿ, ಕೆಳಗೆ ಮಡಿಸಿದ ಗೋಣಿಚೀಲ. ಸುಲಿದಷ್ಟಕ್ಕೆ ಕೂಲಿ. ಒಬ್ಬಾಕೆ ಎರಡು ದಿನದಿಂದ ಮಾತಾಡುತ್ತಿರಲಿಲ್ಲ. ಮೂರನೇ ರಾತ್ರಿ ನೀರು ಕುಡಿಯಲು ಎದ್ದಾಗ ಗೋಣಿಚೀಲ ಪೂರ್ತಿ ಒದ್ದೆಯಾಗಿತ್ತು. ಬಲ್ಬಿನ ಬೆಳಕಿನಲ್ಲಿ ಅದು ಕಪ್ಪಗೆ ಕಂಡಿತು. ಜೀಪಿನಲ್ಲಿ ಕರೆದುಕೊಂಡು ಹೋದೆವು, ಜೀವ ಉಳಿಯಿತು. ಮೊದಲೇ ಎರಡು ಹೆಣ್ಣು ಮಕ್ಕಳಿದ್ದವು. ಏನಾಯಿತು ಅಂತ ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: 'ಅವರು ತಂದು ಕೊಟ್ಟರು. ನಾನು ನುಂಗಿದೆ.'

ಆ ಎರಡು ವಾಕ್ಯದಲ್ಲಿ ಆಕೆಯ ಇಷ್ಟ ಎಲ್ಲಿದೆ ಹೇಳಿ. ಅಮೆರಿಕದ ಚರ್ಚೆಯಲ್ಲಿ ಒಂದು ಕಡೆ ಮಗುವಿನ ಜೀವ, ಇನ್ನೊಂದು ಕಡೆ ಹೆಣ್ಣಿನ ಆಯ್ಕೆ. ನಮ್ಮ ಅಂಗಳದಲ್ಲಿ ಎಷ್ಟೋ ಸಲ ಎರಡೂ ಇರುವುದಿಲ್ಲ. ತೀರ್ಮಾನ ಮಾಡುವವರು ಗಂಡ, ಅತ್ತೆ, ಸಾಲ, ಊರಿನ ಬಾಯಿ. ಪೋಪ್ ಎರಡನೇ ಜಾನ್ ಪಾಲ್ ಅವರು 1995ರಲ್ಲಿ ಲೋಕದ ಎಲ್ಲ ಕಥೋಲಿಕರಿಗೆ ಬರೆದ ವಿಶ್ವಪತ್ರವನ್ನು ಗರ್ಭಪಾತದ ವಿರುದ್ಧ ಭಾಷಣ ಮಾಡುವವರೆಲ್ಲ ಎತ್ತಿ ಹೇಳುತ್ತಾರೆ. ಅದರ 59ನೇ ಭಾಗವನ್ನು ಹೇಳುವುದು ಕಡಿಮೆ. ಅಲ್ಲಿ ಅವರು ತಪ್ಪನ್ನು ತಾಯಿಯ ಮೇಲಷ್ಟೇ ಹೊರಿಸಿ ಬಿಡುವುದಿಲ್ಲ. ಒತ್ತಾಯ ಮಾಡಿದ, ಇಲ್ಲವೇ ಕೈಬಿಟ್ಟು ಹೋದ ಮಗುವಿನ ತಂದೆಯ ತಪ್ಪನ್ನು ಹೇಳುತ್ತಾರೆ, ಮನೆಯವರ ಮತ್ತು ಗೆಳೆಯರ ಒತ್ತಡವನ್ನು ಹೇಳುತ್ತಾರೆ. ಆ ಭಾಗವನ್ನು ನಮ್ಮ ಗಂಡಸರ ಸಂಘಗಳಲ್ಲಿ ಗಟ್ಟಿಯಾಗಿ ಓದಬೇಕು ಅಂತ ನನ್ನ ಆಸೆ.

ಹೆಣ್ಣುಮಗುವಿನ ಮಾತು ಬಂತು. ಬಸ್ಸಿನಲ್ಲಿದ್ದ ಒಂದು ಫಲಕದಲ್ಲಿ 'ಭ್ರೂಣಹತ್ಯೆ ನಿಲ್ಲಿಸಿ' ಅಂತ ಬರೆದಿತ್ತು. ಕನ್ನಡದಲ್ಲಿ ಈ ಪದ ಓದಿದ ಕೂಡಲೇ ಜನರ ತಲೆಗೆ ಬರುವುದು ಹೆಣ್ಣು ಭ್ರೂಣಹತ್ಯೆ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲಿನ ಬೋರ್ಡು ನೋಡಿ ನೋಡಿ ಹಾಗಾಗಿದೆ. ಲಿಂಗ ಪತ್ತೆ ನಿಷೇಧದ ಕಾನೂನು 1994ರದ್ದು. ಆದರೂ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳ ಸಂಖ್ಯೆ 1991ರಲ್ಲಿ 945 ಇದ್ದದ್ದು 2001ಕ್ಕೆ 927 ಆಯಿತು, 2011ಕ್ಕೆ 918 ಆಯಿತು. ಕರ್ನಾಟಕದಲ್ಲಿ 2011ರಲ್ಲಿ 948. 2023ರ ಕೊನೆಯಲ್ಲಿ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಸುಮಾರು 900 ಗರ್ಭಪಾತ ಆಗಿರಬಹುದು ಅಂತ ಪೊಲೀಸರು ಹೇಳಿದರು. ಬೆಲ್ಲ ಮಾಡುವ ಜಾಗದಲ್ಲಿ! ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ಸೆಪ್ಟೆಂಬರ್ 8ರಂದು ನಮ್ಮ ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಳು ಹುಟ್ಟಿದ ದಿನ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಪುಟ್ಟ ಮರಿಯಳಿಗೆ ಎರಚುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಭಾರತದ ಕಥೋಲಿಕ ಧರ್ಮಸಭೆ ಅದೇ ದಿನವನ್ನು ಹೆಣ್ಣುಮಗುವಿನ ದಿನ ಅಂತಲೂ ಆಚರಿಸುತ್ತದೆ. ಒಂದು ಹೆಣ್ಣುಮಗು ಹುಟ್ಟಿದ್ದಕ್ಕೆ ಇಡೀ ಊರು ಹೂ ಹಿಡಿದು ಸಾಲುನಿಲ್ಲುವ ಹಬ್ಬ ನಮ್ಮದು. ಇದಕ್ಕಿಂತ ದೊಡ್ಡ ಜೀವಪರ ನಡಿಗೆ ಬೇಕಾ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

'ಜೀವಪರ' ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಾವು ಅದನ್ನು ಪ್ರೊ-ಲೈಫ್ ಅನ್ನುವುದಕ್ಕೆ ಬಳಸುತ್ತೇವೆ. ಆದರೆ ಕನ್ನಡದಲ್ಲಿ ಆ ಪದ ಮೊದಲಿಂದಲೂ ದೊಡ್ಡದು. ಕಾಡು ಉಳಿಸಲು ನಿಂತವರನ್ನು, ಕೂಲಿಯವರ ಪರ ಬರೆದವರನ್ನು, ಜಾತಿಯ ಅವಮಾನದ ವಿರುದ್ಧ ಮಾತಾಡಿದವರನ್ನು ಜೀವಪರ ಅಂತಲೇ ಕರೆದಿದ್ದೇವೆ. ಷಿಕಾಗೊದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ 1983ರಲ್ಲಿ ಇದನ್ನೇ ವಾದ ಮಾಡಿದರು. ಗರ್ಭದ ಮಗು, ಯುದ್ಧದಲ್ಲಿ ಸಾಯುವವರು, ನೇಣಿಗೆ ಹೋಗುವವನು, ಇವರೆಲ್ಲರ ಜೀವ ಒಂದೇ ಬಟ್ಟೆಯ ಎಳೆಗಳು ಎಂದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆಯನ್ನು ಒಪ್ಪಲಾಗದು ಅಂತ ಧರ್ಮೋಪದೇಶದ ಗ್ರಂಥವನ್ನೇ ತಿದ್ದಿದರು. ಕನ್ನಡದ ಪದ ಈ ಅರ್ಥವನ್ನೆಲ್ಲ ಆಗಲೇ ಹೊತ್ತುಕೊಂಡಿತ್ತು. ಅದನ್ನು ಫಲಕದ ಮೇಲೆ ಬರೆದವರು ಬಸುರಿ ಕೂಲಿ ಹೆಂಗಸಿನ ಬಗ್ಗೆಯೂ ಮಾತಾಡಲೇಬೇಕು ಅಲ್ವಾ?

ಆಕೆಗೆ ಇವತ್ತು ಸಿಗುವುದು ಏನು? ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. 26 ವಾರದ ಹೆರಿಗೆ ರಜೆಯ ಕಾನೂನು ಇದೆ. ಆದರೆ ಅದು ದಾಖಲೆಯಲ್ಲಿ ಹೆಸರಿರುವ ಕೆಲಸದವರಿಗೆ. ಅಡಿಕೆ ಸುಲಿಯುವವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮೂರನೆಯದಕ್ಕೆ ಬಸುರಿಯಾದಾಕೆಗೆ ಆ 5,000ವೂ ಇಲ್ಲ. ಮಳೆಗಾಲದಲ್ಲಿ ಹೊಸನಗರದ ಒಳಗಿನ ಹಳ್ಳಿಯಿಂದ ಸ್ಕ್ಯಾನಿಂಗಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ ಮತ್ತು ಆಟೋ ಬಾಡಿಗೆ.

ಗರ್ಭನಿರೋಧಕದ ವಿಷಯದಲ್ಲಿ ಧರ್ಮಸಭೆಯ ಬೋಧನೆ ಎಲ್ಲರಿಗೂ ಗೊತ್ತು. ದಿನ ಲೆಕ್ಕ ಇಟ್ಟು ನಡೆಯುವ ಸಹಜ ವಿಧಾನವನ್ನು ಅದು ಹೇಳುತ್ತದೆ. ಆದರೆ ಆ ಲೆಕ್ಕವನ್ನು ಹೆಂಡತಿ ಒಬ್ಬಳೇ ಇಟ್ಟರೆ ಆಗುವುದಿಲ್ಲ, ಗಂಡನೂ ಇಡಬೇಕು. ಕುಡಿದು ಬರುವವನ ಹತ್ತಿರ ದಿನದ ಲೆಕ್ಕ ಹೇಳುವುದು ಹೇಗೆ ಅಂತ ಮದುವೆ ತಯಾರಿ ಶಿಬಿರದಲ್ಲಿ ಯಾರೂ ಕಲಿಸುವುದಿಲ್ಲ.

ಮದುವೆಯಾಗದ ಹುಡುಗಿಯ ಕಷ್ಟ ಇನ್ನೂ ಬೇರೆ. ಅವಳಿಗೆ ದುಡ್ಡಿಗಿಂತ ಮುಖದ ಪ್ರಶ್ನೆ. ಮಗುವನ್ನು ಸಾಕಲು ಆಗದಿದ್ದರೆ ಕಾನೂನಿನ ದಾರಿ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು, ಮನಸ್ಸು ಬದಲಾಯಿಸಿಕೊಳ್ಳಲು 60 ದಿನ ಕೊಡುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಪೊದೆಯಲ್ಲಿ ಶಿಶು ಸಿಕ್ಕಿತು ಅನ್ನುವ ಸುದ್ದಿ ಬಂದಾಗಲೆಲ್ಲ ನನಗೆ ಈ ಸಂಖ್ಯೆಯೇ ನೆನಪಾಗುತ್ತದೆ. ಆದರೆ ಈ ದಾರಿ ಹಿಡಿಯಬೇಕಾದರೆ ಅವಳು ಒಂಬತ್ತು ತಿಂಗಳು ಹೊಟ್ಟೆ ಹೊತ್ತು ಜನರ ಮಧ್ಯೆ ಓಡಾಡಬೇಕು. ಕಾಲೇಜಿಗೆ, ಅಂಗಡಿಗೆ, ಚರ್ಚಿಗೆ. ಮಾತ್ರೆಗೆ ಒಂದು ರಾತ್ರಿ ಸಾಕು, ಯಾರಿಗೂ ಗೊತ್ತಾಗುವುದಿಲ್ಲ. ನಾಚಿಕೆಯ ತಕ್ಕಡಿಯಲ್ಲಿ ಇಟ್ಟರೆ ಯಾವುದು ತೂಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ತಕ್ಕಡಿ ಹಿಡಿದಿರುವವರು ನಾವೇ.

ಹದಿನೈದು ವರ್ಷದ ಹಿಂದೆ ನಾನು ಬೇರೆ ಊರಿನಲ್ಲಿದ್ದೆ. ಅಲ್ಲಿನ ಕ್ವೈರಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಳಿದ್ದಳು, ಒಳ್ಳೆಯ ಕಂಠ. ಬಸುರಿ ಅನ್ನುವ ವಿಷಯ ಗೊತ್ತಾದ ವಾರ ಅವಳಿಗೆ 'ಸ್ವಲ್ಪ ದಿನ ಬರಬೇಡ' ಅಂತ ಹೇಳಿ ಕಳಿಸಿದರು. ಅಜ್ಜಿ ಮನೆಗೆ ಹೋದಳು ಅಂದರು. ತಿರುಗಿ ಬಂದಾಗ ತೆಳ್ಳಗಾಗಿದ್ದಳು, ಮಗು ಇರಲಿಲ್ಲ. ಏನಾಯಿತು ಅಂತ ಯಾರೂ ಕೇಳಲಿಲ್ಲ. ಅವಳನ್ನು ಕಳಿಸಬೇಡಿ ಅಂತ ಹೇಳಬಹುದಾಗಿದ್ದ ಸಭೆಯಲ್ಲಿ ನಾನು ಕೂತಿದ್ದೆ. ಬಾಯಿ ಬಿಡಲಿಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಗರ್ಭಪಾತದ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಅವಳು. ಆಮೇಲೆ ಅನ್ನಿಸಿತು, ಪಾಪನಿವೇದನೆಗೆ ಹೋಗಬೇಕಾದವರ ಸಾಲಿನಲ್ಲಿ ನಾನೂ ಇದ್ದೇನೆ ಅಂತ.

ಮಂಗಳೂರಿನಲ್ಲಿ ನಡಿಗೆ ಚೆನ್ನಾಗಿ ಆಯಿತು. ಎರಡು ಕಿಲೋಮೀಟರ್ ಇರಬಹುದು. ಮಳೆ ನಿಲ್ಲಲಿಲ್ಲ, ಕೊಟ್ಟೆ ತೊಟ್ಟ ಫಲಕಗಳು ನೆನೆಯಲಿಲ್ಲ. ಹೊರಡುವ ಮೊದಲು ಹುಡುಗಿಯರು 'ಭ್ರೂಣಹತ್ಯೆ ನಿಲ್ಲಿಸಿ' ಅನ್ನುವ ಫಲಕದ ಹಿಂಬದಿಗೆ ಮಾರ್ಕರ್‌ನಲ್ಲಿ 'ಅವಳ ಜೊತೆ ನಾವಿದ್ದೇವೆ' ಅಂತ ಬರೆದುಕೊಂಡಿದ್ದರು. ಬಸ್ ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಮುಂಬದಿ ಓದಿ ಮುಖ ತಿರುಗಿಸಿದರು. ಗಾಳಿಗೆ ಫಲಕ ತಿರುಗಿ ಹಿಂಬದಿ ಕಂಡಾಗ ಮತ್ತೆ ನೋಡಿದರು. ಸಾಲು ದಾಟಿ ಹೋಗುವವರೆಗೂ ನೋಡುತ್ತಲೇ ನಿಂತಿದ್ದರು.

ವಾಪಸ್ ಬರುವಾಗ ಘಾಟಿ ಹತ್ತುವುದರೊಳಗೆ ಕತ್ತಲಾಗಿತ್ತು. ಆಗುಂಬೆಯಲ್ಲಿ ಮಂಜು ಇಳಿದು ದಾರಿ ಕಾಣದೆ ಡ್ರೈವರ್ ಬಸ್ ಬದಿಗೆ ಹಾಕಿದ. ಅಲ್ಲೇ, ಮೊಬೈಲ್ ಬೆಳಕಿನಲ್ಲಿ, ಹುಡುಗರು ನಮ್ಮ ಚರ್ಚಿನ ಪಾಲನಾ ಸಮಿತಿಗೆ ಒಂದು ಪತ್ರ ಬರೆದರು. ಬಸುರಿ ಅನ್ನುವ ಕಾರಣಕ್ಕೆ ಯಾರನ್ನೂ ಕ್ವೈರಿನಿಂದ, ಸಂಘದಿಂದ ಬಿಡಿಸಬಾರದು. ಯಾರಿಗಾದರೂ ಕಷ್ಟ ಬಂದರೆ ಗುಟ್ಟಾಗಿ ಮಾತಾಡಲು ಒಬ್ಬ ಸಿಸ್ಟರ್ ಮತ್ತು ಒಬ್ಬ ತಾಯಿಯ ಫೋನ್ ನಂಬರ್ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಮದುವೆ ತಯಾರಿ ಶಿಬಿರದಲ್ಲಿ ಗಂಡು ಮಕ್ಕಳಿಗೆ ಬೇರೆಯೇ ಒಂದು ಗಂಟೆ ಇಡಬೇಕು. ಮೂರನೆಯದನ್ನು ಸೇರಿಸಿದ್ದು ಕೊಟ್ಟೆ ತಂದಿದ್ದ ಹುಡುಗ. ಇಪ್ಪತ್ತೆರಡೂ ಮಂದಿ ಸಹಿ ಹಾಕಿದರು. ಫಾದರ್ ಪತ್ರವನ್ನು ಎರಡು ಸಲ ಓದಿದರು. 'ಸಭೆಯಲ್ಲಿ ಜಗಳ ಆಗುತ್ತೆ' ಅಂದರು. ಆಮೇಲೆ ಮಡಿಸಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡರು.

ಸಭೆ ಮೊಂತಿ ಹಬ್ಬದ ಹಿಂದಿನ ಭಾನುವಾರ. ಪತ್ರವನ್ನು ಎದ್ದು ಓದುವವರು ಯಾರು ಅಂತ ಹುಡುಗಿ ಕೇಳಿದಳು. ನಾನು ಓದುತ್ತೇನೆ ಅಂದೆ.